ಸಂಗೀತಶಿಕ್ಷಣದಲ್ಲಿ ಸಾಮೂಹಿಕ ಪಾಠ

ನಮ್ಮ ಶಾಲೆಗೆ ಮಕ್ಕಳನ್ನು ಸೇರಿಸಲು ಬರುವ ತಾಯ್ತಂದೆಗಳಲ್ಲಿ ಕೆಲವರು ಸಂಗೀತದ ವಿಷಯವಾಗಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುವರು: “ನಲವತ್ತು ಮಂದಿಯ ನಡುವೆ ನಿಂತು ಹಾಡಿದರೆ ನಮ್ಮ ಹುಡುಗಿಗೆ ಏನು ಬಂದೀತು? ಮನೆಗೇ ಒಬ್ಬ ಉಪಾಧ್ಯಾಯರನ್ನು ಕರೆಯಿಸುವುದು ಮೇಲಲ್ಲವೇ?” ಪ್ರಶ್ನೆಯು ನ್ಯಾಯವಾದುದೇ. ಗಮಕದ ಸೂಕ್ಷ್ಮವೂ ಮನೋಧರ್ಮವೂ ಗುರುವಿನೆದುರು ಒಬ್ಬಳೇ ಕುಳಿತು ಕಲಿಯತಕ್ಕ ವಿಷಯಗಳು, ಅದರಲ್ಲಿ ವಾದವಿಲ್ಲ. ಆದರೆ ಮೊದಲ ಕೆಲವು ವರುಷಗಳಲ್ಲಿ ಗುಂಪಿನ ಪಾಠದಿಂದ ದೊರೆಯುವ ಲಾಭವು ಏಕಾಂತಪಾಠದಿಂದ ದೊರೆಯಲಾರದೆಂದು ನಾವು ನಂಬಿದ್ದೇವೆ.

ಈ ಸಂಗತಿಯಲ್ಲಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಸಾರಾ ಗ್ಲೋವರ್ (1786–1867) ಎಂಬವರನ್ನು ನೆನೆಯದಿರಲಾಗದು. ಸಭಾಪಾಲಕರೊಬ್ಬರ ಮಗಳಾದ ಈಕೆ ಸ್ವರಗಳ ಹೆಸರುಗಳನ್ನು ಏಣಿಯ ಮೆಟ್ಟಿಲುಗಳಂತೆ ಒಂದು ಪಟದಲ್ಲಿ ಬರೆದು ಗೋಡೆಗೆ ತೂಗಹಾಕಿ, ತೋರಿಸಿದ ಸ್ವರವನ್ನು ತರಗತಿಯೆಲ್ಲವೂ ಒಂದಾಗಿ ಹಾಡುವಂತೆ ಕಲಿಸಿದರು. 1835ರಲ್ಲಿ ಆ ಕ್ರಮವು ಪುಸ್ತಕವಾಗಿ ಹೊರಬಿದ್ದಿತು. 1841ರಲ್ಲಿ ಹಲ್ ನಗರದಲ್ಲಿ ಕೂಡಿದ ಸಂಡೇ ಸ್ಕೂಲು ಉಪಾಧ್ಯಾಯರು, ಮಕ್ಕಳಿಗೆ ಹಾಡು ಕಲಿಸುವ ಸುಲಭಮಾರ್ಗವನ್ನು ಹುಡುಕಿಕೊಡಬೇಕೆಂದು ಜಾನ್ ಕರ್ವೆನ್ ಎಂಬ ತರುಣ ಬೋಧಕರನ್ನು ಕೇಳಿಕೊಂಡರು. ಅವರು ಗ್ಲೋವರರ ಕ್ರಮವನ್ನೇ ಆಧಾರವಾಗಿ ಹಿಡಿದು, ಕೆಲವು ಮಾರ್ಪಾಟುಗಳೊಡನೆ ‘ಟಾನಿಕ್ ಸೋಲ್-ಫಾ’ ಎಂಬ ಪದ್ಧತಿಯನ್ನು ಬಳಕೆಗೆ ತಂದರು. ಮಿಷನರಿಗಳ ಕೈಯಲ್ಲಿ ಅದು ಆಫ್ರಿಕಾ, ಮಡಗಾಸ್ಕರ್‌ಗಳವರೆಗೂ ಹೋಯಿತು. ಹೆಸರು ಕರ್ವೆನ್ನರದಾಗಿ ಉಳಿಯಿತು. ಮೂಲವು ಒಬ್ಬ ಶಿಕ್ಷಕಿಯದೆಂಬುದನ್ನು ಬಾಲಿಕಾ ಪಾಠಶಾಲೆಯವರಾದ ನಾವಾದರೂ ಮರೆಯಬಾರದಷ್ಟೆ.

ಆ ಪದ್ಧತಿಯಲ್ಲಿ ‘ಡೋ’ ಎಂಬುದು ಸ್ಥಿರವಲ್ಲ. ನಮ್ಮ ಆಧಾರಷಡ್ಜದಂತೆ ಹಾಡುವವರ ಅನುಕೂಲಕ್ಕೆ ತಕ್ಕ ಎತ್ತರದಲ್ಲಿ ಇಟ್ಟುಕೊಳ್ಳತಕ್ಕದ್ದು. ಆದುದರಿಂದ ಸರಿಗಮವನ್ನು ಬಲ್ಲ ನಮ್ಮ ಮಕ್ಕಳಿಗೆ ಅದು ಹೊಸದೆನಿಸದು. ಪುರಂದರದಾಸರು ಕ್ರಮಪಡಿಸಿದರೆಂದು ಸಂಪ್ರದಾಯವು ಹೇಳುವ ಮಾಯಾಮಾಳವಗೌಳದ ಸರಳೆ ವರಸೆಯೂ ಗುಂಪಿನ ಪಾಠಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ತರಗತಿಯನ್ನು ಎರಡು ಪಾಲು ಮಾಡಿ, ಆದಿತಾಳದಲ್ಲಿ ಒಂದು ಪಾಲು ಮೊದಲನೆಯ ಕಾಲದಲ್ಲಿಯೂ ಮತ್ತೊಂದು ಎರಡನೆಯ ಕಾಲದಲ್ಲಿಯೂ ಮೊದಲ ವರಸೆಯನ್ನು ಹಾಡಲಿ. ಒಂದು ಆವರ್ತವು ಮುಗಿಯುವಷ್ಟರಲ್ಲಿ ಮೊದಲಿನವರು ಆರೋಹಣವನ್ನು ಮುಗಿಸಿ ತಾರಷಡ್ಜದಲ್ಲಿರುವರು. ಎರಡನೆಯವರು ಏರಿ ಇಳಿದು ಮಧ್ಯಷಡ್ಜಕ್ಕೆ ಬಂದಿರುವರು. ಎರಡು ಷಡ್ಜಗಳೂ ಕೂಡಿ ಕೇಳಿಸಿದಾಗ ಮಕ್ಕಳ ಮುಖಗಳನ್ನು ನೋಡಬೇಕು! ತನ್ನ ತಾಳವನ್ನು ಬಿಡದೆ ನೆರೆಯವಳ ಹಾಡಿಗೆ ಕಿವಿಗೊಡುವುದನ್ನು ಒಂಟಿಪಾಠದಲ್ಲಿ ಹೇಗೆ ಕಲಿಸೋಣ?

ಗುಂಪಿನ ಪಾಠದಲ್ಲಿ ದೋಷವೂ ಉಂಟು. ಅದನ್ನು ನಮ್ಮ ತಪ್ಪಿನಿಂದಲೇ ನಾವು ಕಲಿತೆವು. ಬಹುಕಾಲದ ಹಿಂದೆ ವಾರ್ಷಿಕೋತ್ಸವದ ಹಾಡು ಕೆಡಬಾರದೆಂದು ಒಬ್ಬ ಹುಡುಗಿಯನ್ನು ಹಿಂದಿನ ಸಾಲಿಗೆ ಕಳುಹಿಸಿ, “ನೀನು ಬಾಯಾಡಿಸಿದರೆ ಸಾಕಮ್ಮಾ” ಎಂದಿದ್ದೆವು. ಆಕೆ ತಾಯಿಯಾಗಿ ತನ್ನ ಮಗಳನ್ನು ಇಲ್ಲಿಗೇ ಕರೆತಂದಾಗ, ಅಂದಿನಿಂದ ದೇವಾಲಯದಲ್ಲಿಯೂ ತಾನು ಬಾಯಾಡಿಸುವುದಲ್ಲದೆ ಹಾಡಿಲ್ಲವೆಂದು ನಗುತ್ತಲೇ ಹೇಳಿದಳು. ನಮಗೆ ನಗು ಬರಲಿಲ್ಲ. ಒಂದು ದಿನದ ಹಾಡನ್ನು ಕಾಪಾಡಲು ಒಂದು ಕಂಠವನ್ನು ಕಳೆದಿದ್ದೆವು.

ಅಪಸ್ವರದಲ್ಲಿ ಹಾಡುವ ಮಗುವಿಗೆ ಸಾಮಾನ್ಯವಾಗಿ ಕಿವಿಯ ದೋಷವಿರುವುದಿಲ್ಲ; ತನ್ನ ಕಂಠವನ್ನು ಏರಿಸುವ ಬಗೆ ಇನ್ನೂ ತಿಳಿದಿರುವುದಿಲ್ಲ. ಕೆಲವರು ಮಾತನಾಡುವ ಧ್ವನಿಯಲ್ಲಿಯೇ ಹಾಡುವರು. ಅಂಥವಳನ್ನು ನಮ್ಮ ಶ್ರುತಿಗೆ ಎಳೆಯುವುದಕ್ಕೆ ಮುಂಚೆ ನಾವು ಆಕೆಯ ಶ್ರುತಿಗೆ ಇಳಿದು, ಆಕೆ ಹಿಡಿದ ಸ್ವರವನ್ನೇ ಹಿಡಿದು, ಅಲ್ಲಿಂದ ಒಂದೊಂದೇ ಮೆಟ್ಟಿಲು ಕೈಹಿಡಿದು ಏರಿಸಬೇಕು. ಈಗ ನಾವು ವಾರಕ್ಕೊಮ್ಮೆ ನಲವತ್ತು ಮಂದಿಯನ್ನು ಮೂವರು ಮೂವರಾಗಿ ಹಾಡಿಸಿ ಕೇಳುತ್ತೇವೆ. ಹಿಂಜರಿಯುವವಳನ್ನು ಸ್ಥಿರವಾಗಿ ಹಾಡುವ ಇಬ್ಬರ ನಡುವೆ ನಿಲ್ಲಿಸುತ್ತೇವೆ. ಬಾಯಾಡಿಸು ಎಂಬ ಮಾತನ್ನು ಯಾರೂ ಆಡಕೂಡದೆಂದು ಗೊತ್ತುಮಾಡಿಕೊಂಡಿದ್ದೇವೆ.

ಮನೆಯಲ್ಲಿ ಪಾಠ ಹೇಳಿಸಬೇಕೆಂದಿರುವ ತಾಯ್ತಂದೆಗಳು ಹೇಳಿಸಲಿ. ಶಾಲೆಯ ಗುಂಪಿನಿಂದ ಮಾತ್ರ ಮಗುವನ್ನು ಬಿಡಿಸಬಾರದೆಂದು ಕೇಳಿಕೊಳ್ಳುತ್ತೇವೆ. ಆ ತಾಯಿಯ ಮಗಳು ಈಗ ಎರಡನೆಯ ಸಾಲಿನಲ್ಲಿ ನಿಲ್ಲುತ್ತಾಳೆ. ಶ್ರುತಿ ಇನ್ನೂ ಆಗಾಗ ಜಾರುತ್ತದೆ, ಹಾಡುತ್ತಾಳೆ.