ಛಾಯಾಚಿತ್ರಗಳೂ ಅವುಗಳ ಹೆಸರುಗಳೂ

ಛಾಯಾಚಿತ್ರ ತೆಗೆಯುವುದು ಇಂದು ಎಲ್ಲರಿಗೂ ಸುಲಭ. ತೆಗೆದುದನ್ನು ಬೇಕಾದಾಗ ಹುಡುಕಿಕೊಳ್ಳುವುದು ಮಾತ್ರ ಕಷ್ಟ. ಈ ಕಷ್ಟವನ್ನು ನೀಗುವ, ಹಣವಿಲ್ಲದೆ ದೊರೆಯುವ ಕಂಪ್ಯೂಟರ್ ತಂತ್ರಾಂಶಗಳನ್ನು ಕುರಿತು ನನಗೆ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಇವುಗಳಲ್ಲಿ ಬಹು ಜನಪ್ರಿಯವಾಗಿದ್ದುದು ಪಿಕಾಸಾ. ಗೂಗಲ್ ಸಂಸ್ಥೆ ಇದನ್ನು 2004ರಲ್ಲಿ ಕೊಂಡು ಉಚಿತವಾಗಿ ಹಂಚಿತು, 2016ರಲ್ಲಿ ಕೈಬಿಟ್ಟಿತು. 2001ರಲ್ಲಿ ಆರಂಭವಾದ ಡಿಜಿಕ್ಯಾಮ್ ಈಗಲೂ ಬಳಕೆಯಲ್ಲಿದೆ. ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಅದರ ಮೂಲ ಸಂಕೇತವು ಎಲ್ಲರಿಗೂ ಮುಕ್ತವಾಗಿರುವುದರಿಂದ, ಒಬ್ಬರು ಬಿಟ್ಟರೂ ಇನ್ನೊಬ್ಬರು ಮುಂದುವರಿಸಬಹುದು.

ಇಂಥ ತಂತ್ರಾಂಶಗಳ ಕೆಲಸ ಎರಡು ಬಗೆ. ಮೊದಲನೆಯದು ಜೋಡಣೆ. ಕ್ಯಾಮೆರಾ ಚಿತ್ರದೊಡನೆಯೇ ತೆಗೆದ ದಿನ, ವೇಳೆಗಳನ್ನು ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. ತಂತ್ರಾಂಶವು ಅದನ್ನು ಓದಿ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಇಡುತ್ತದೆ. ಹಳೆಯ ಮುದ್ರಿತ ಚಿತ್ರಗಳಿಗಾದರೋ ಕಾಲವನ್ನೂ ಅದರಲ್ಲಿರುವವರ ಹೆಸರನ್ನೂ ನಾವೇ ಬರೆಯಬೇಕು. ಎರಡನೆಯದು ತಿದ್ದುಪಡಿ: ಓರೆಯನ್ನು ನೇರಗೊಳಿಸುವುದು, ಅಂಚು ಕತ್ತರಿಸುವುದು, ಬೆಳಕು ಹೆಚ್ಚಿಸುವುದು. ಜೆಪೆಗ್ ಚಿತ್ರವನ್ನು ಮತ್ತೆ ಮತ್ತೆ ತಿದ್ದಿ ಉಳಿಸಿದರೆ ಅದರ ಗುಣ ಕುಗ್ಗುತ್ತದೆ. ಆದುದರಿಂದ ಮೂಲಪ್ರತಿಯನ್ನು ಮುಟ್ಟದಿರುವುದು ಲೇಸು.

ಆದರೆ ನಾವು ಬರೆದ ಹೆಸರುಗಳು ಎಲ್ಲಿ ಉಳಿಯುತ್ತವೆ? ಇದನ್ನು ನಾನು ನಷ್ಟದಿಂದ ಕಲಿತೆ. ಮನೆಯ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಹೇಳಿದ ಹೆಸರುಗಳನ್ನೆಲ್ಲ ಸೇರಿಸಿದ್ದೆ. ಅಜ್ಜಿಗೆ ಓದುಬರಹ ಬಾರದು. ಆ ಹೆಸರುಗಳು ಅವಳ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಇರಲಿಲ್ಲ. ಮುಂದೆ ಕಂಪ್ಯೂಟರ್ ಕೆಟ್ಟಿತು. ಪೆನ್‌ಡ್ರೈವಿನಲ್ಲಿದ್ದ ಚಿತ್ರಗಳು ಉಳಿದವು. ಹೆಸರುಗಳಿದ್ದುದು ತಂತ್ರಾಂಶದ ಪ್ರತ್ಯೇಕ ಕಡತದಲ್ಲಿ. ಅದರ ಪ್ರತಿಯನ್ನು ನಾನು ತೆಗೆದಿಟ್ಟಿರಲಿಲ್ಲ. ಪುನಃ ಕೇಳಿದಾಗ ಅಜ್ಜಿ ಒಂದು ಚಿತ್ರವನ್ನು ಬಹಳ ಹೊತ್ತು ನೋಡಿ, "ಹೆಸರು ನಾಲಿಗೆ ತುದೀಲೇ ಐತೆ ಕಣೋ ಮಗ, ಬತ್ತಾ ಇಲ್ಲ" ಎಂದಳು. ಅದು ಇಂದಿಗೂ ಬಂದಿಲ್ಲ.

ಇದಕ್ಕೆ ಪರಿಹಾರವುಂಟು. ಡಿಜಿಕ್ಯಾಮ್‌ನ ಮೆಟಾಡೇಟಾ ಸೆಟ್ಟಿಂಗಿನಲ್ಲಿ, ಹೆಸರು ಮತ್ತು ವಿವರಣೆಗಳನ್ನು ಚಿತ್ರದ ಕಡತದೊಳಗೇ ಬರೆಯುವಂತೆ ಗೊತ್ತುಮಾಡಬಹುದು. ಆಗ ಚಿತ್ರ ಹೋದಲ್ಲಿಗೆ ಹೆಸರೂ ಹೋಗುತ್ತದೆ. ಅಲ್ಲದೆ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು ಅವಶ್ಯ.

ಚಿತ್ರವನ್ನು ಯಂತ್ರವು ಕಾಪಾಡೀತು. ಚಿತ್ರದಲ್ಲಿರುವವರು ಯಾರೆಂಬುದನ್ನು ಹಿರಿಯರೇ ಹೇಳಬೇಕು. ಮಿತ್ರರು ಈ ರಜೆಯಲ್ಲಿ ಊರಿಗೆ ಹೋದಾಗ, ಕೇಳಲು ಇನ್ನೂ ಅವಕಾಶವಿರುವಾಗಲೇ, ಕೇಳಿ ಬರೆದಿಡಬೇಕೆಂದು ನನ್ನ ವಿನಂತಿ.