ಕುದುರೆಯ ಆಯುಷ್ಯ



ಕಳೆದ ವರ್ಷ ಒಂಬತ್ತನೆಯ ಇಯತ್ತೆಯಲ್ಲಿ ಪ್ರಾಣಿಗಳ ಪಾಠವನ್ನು ಹೇಳುತ್ತಿರುವಾಗ, ಕುದುರೆಯು ಸಾಮಾನ್ಯವಾಗಿ ೨೫ ರಿಂದ ೩೦ ವರ್ಷ ಬದುಕುವದೆಂದು ನಾನು ಹಲಗೆಯ ಮೇಲೆ ಬರೆದೆನು. ಹುನಗುಂದದ ಕಡೆಯ ಒಬ್ಬ ಹುಡುಗಿಯು ಎದ್ದು ನಿಂತು, "ಅಕ್ಕೋರೇ, ನಮ್ಮ ಮನೀ ಕುದುರಿ ಹದಿನಾಲ್ಕು ವರ್ಷಕ್ಕ ಸತ್ತಿತು. ಎಲ್ಲಾರೂ ಅದರ ಆಯುಷ್ಯನ ಅಷ್ಟಿತ್ತು ಅಂದ್ರು. ಖರೇ ಏನ್ರೀ?" ಎಂದು ಕೇಳಿದಳು. ಗಂಟೆ ಬಾರಿಸಿತು, ಉತ್ತರವು ಉಳಿದುಹೋಯಿತು. ಆ ಉತ್ತರವನ್ನೇ ಈ ಸ್ಮರಣ ಸಂಚಿಕೆಯಲ್ಲಿ ತುಸು ವಿಸ್ತಾರವಾಗಿ ಬರೆಯುತ್ತೇನೆ.

ಆಯುಷ್ಯವು ತೀರುವದು ಬೇರೆ, ಆಯುಷ್ಯವನ್ನು ಕಡಿಮೆ ಮಾಡುವದು ಬೇರೆ. ಈ ಎರಡನ್ನು ಒಂದೇ ಎಂದು ತಿಳಿಯುವದರಿಂದ ಎಷ್ಟೋ ಮೂಕಪ್ರಾಣಿಗಳು ಅಕಾಲದಲ್ಲಿ ಸಾಯುತ್ತವೆ; ನಾವು ದೈವದ ಮೇಲೆ ಹೊರಿಸಿ ಸುಮ್ಮನಾಗುತ್ತೇವೆ.

ಮೊದಲು ಸ್ವಭಾವದಿಂದ ಬಂದ ಆಯುಷ್ಯವನ್ನು ನೋಡೋಣ. ಭಾರ ಎಳೆಯುವ ದೊಡ್ಡ ಮೈಯ ಪರದೇಶದ ಜಾತಿಗಳು ಸ್ವಲ್ಪ ಬೇಗನೆ ಮುಪ್ಪಾಗುವವು. ಸಣ್ಣ ಮೈಯ ತಟ್ಟುಗಳು ಹೆಚ್ಚು ಕಾಲ ಬಾಳುವವು. ಮೂವತ್ತನ್ನು ದಾಟಿದ ತಟ್ಟುಗಳು ಅಪರೂಪವಲ್ಲ. ನಮ್ಮ ಭಾಗದ ಕುರುಬರು ಕುರಿಹಿಂಡಿನೊಡನೆ ವಲಸೆ ಹೋಗುವಾಗ ಅಡಿಗೆಯ ಪಾತ್ರೆ, ಕಂಬಳಿ, ನಡೆಯಲಾರದ ಎಳೆಯ ಮರಿಗಳು ಇವುಗಳನ್ನೆಲ್ಲ ತಟ್ಟುಗಳ ಮೇಲೆ ಹೇರಿಕೊಂಡು ಹೋಗುವದನ್ನು ನೀವೆಲ್ಲರೂ ಕಂಡಿರುವಿರಿ. ಅವು ನೋಡುವದಕ್ಕೆ ಬಡಕಲಾಗಿ ಕಂಡರೂ ದಿನವಿಡೀ ತುಸುತುಸು ಮೇಯುತ್ತ, ತುಸುತುಸು ನಡೆಯುತ್ತ ಇರುವವು. ಕುದುರೆಯ ಶರೀರವು ಇಂಥ ಜೀವನಕ್ಕಾಗಿಯೇ ರಚಿತವಾದುದು.

ಇದುವರೆಗೆ ದಾಖಲೆಯಾದವುಗಳಲ್ಲಿ ಅತಿ ದೀರ್ಘಾಯುಷಿ ಕುದುರೆಯೆಂದು ಹೆಸರಾದುದು ಇಂಗ್ಲಂಡದ 'ಓಲ್ಡ್ ಬಿಲ್ಲಿ'. ಅದು ೧೭೬೦ ರಲ್ಲಿ ಹುಟ್ಟಿ ೧೮೨೨ ರಲ್ಲಿ, ಅಂದರೆ ೬೨ನೆಯ ವರ್ಷದಲ್ಲಿ ಸತ್ತಿತು. ಅದರ ತಲೆಬುರುಡೆಯನ್ನು ಮ್ಯಾಂಚೆಸ್ಟರಿನ ವಸ್ತುಸಂಗ್ರಹಾಲಯದಲ್ಲಿ ಕಾಯ್ದಿಟ್ಟಿದ್ದಾರೆ. ಅದು ಅರಸರ ಲಾಯದಲ್ಲಿ ಬೆಳೆದ ಕುದುರೆಯಲ್ಲ. ಜಲಮಾರ್ಗದ ದಂಡೆಯಲ್ಲಿ ನಡೆಯುತ್ತ ಸರಕಿನ ದೋಣಿಗಳನ್ನು ಹಗ್ಗದಿಂದ ಎಳೆದು ದುಡಿದ ಕುದುರೆ. ದುಡಿಮೆಯೇ ಆಯುಷ್ಯವನ್ನು ತಿನ್ನುವದಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿಯು.

ಕುದುರೆಯ ವಯಸ್ಸನ್ನು ಹಲ್ಲುಗಳಿಂದ ತಿಳಿಯುವರು. ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲುಗಳೂ, ಮೂರೂವರೆಗೆ ಅವುಗಳ ಪಕ್ಕದವೂ, ನಾಲ್ಕೂವರೆಗೆ ಮೂಲೆಯವೂ ಬಿದ್ದು ಹೊಸ ಹಲ್ಲುಗಳು ಬರುವವು. ಐದಕ್ಕೆ ಬಾಯಿ ತುಂಬುವದು. ಕೆಳಗಿನ ಮುಂದಿನ ಹಲ್ಲುಗಳ ನೆತ್ತಿಯ ಮೇಲಿನ ಕುಳಿಗಳು ಆರು, ಏಳು, ಎಂಟನೆಯ ವರ್ಷಗಳಲ್ಲಿ ಅನುಕ್ರಮವಾಗಿ ಸವೆದು ಹೋಗುವವು. ಹತ್ತನೆಯ ವರ್ಷದ ಸುಮಾರಿಗೆ ಮೇಲಿನ ಮೂಲೆಹಲ್ಲಿನ ಮೇಲೆ ಒಸಡಿನ ಹತ್ತಿರ ಒಂದು ಕಂದುಗೆರೆಯು ಕಾಣಿಸಿಕೊಳ್ಳುವದು. ಅದು ಹದಿನೈದಕ್ಕೆ ಹಲ್ಲಿನ ಅರ್ಧಕ್ಕೂ ಇಪ್ಪತ್ತಕ್ಕೆ ಹಲ್ಲಿನ ತುದಿಗೂ ಇಳಿದು, ಆ ಮೇಲೆ ಬುಡದಿಂದ ಅಳಿಸುತ್ತ ಬಂದು ಮೂವತ್ತಕ್ಕೆ ಮಾಯವಾಗುವದು. ಇದು ಸ್ಥೂಲವಾದ ಲೆಕ್ಕವು. ಒಂದೆರಡು ವರ್ಷ ಹೆಚ್ಚು ಕಡಿಮೆ ಆಗಬಹುದು.

ಇನ್ನು ಆಯುಷ್ಯವನ್ನು ಹೆಚ್ಚು ಕಡಿಮೆ ಮಾಡುವ ಕಾರಣಗಳು.

ಮೊದಲನೆಯದು ಆಹಾರವು. ಕುದುರೆಯ ಜಠರವು ಅದರ ಮೈಗೆ ಹೋಲಿಸಿದರೆ ಬಹಳ ಸಣ್ಣದು. ೮ ರಿಂದ ೧೫ ಲೀಟರು ಮಾತ್ರ ಹಿಡಿಯುವದು. ಮೇಲಾಗಿ ಕುದುರೆಗೆ ವಾಂತಿ ಬಾರದು. ತಿಂದುದು ತಪ್ಪಾಗಿದ್ದರೂ ಅದನ್ನು ಹೊರಗೆ ಹಾಕುವ ದಾರಿಯಿಲ್ಲ. ಹುಲ್ಲನ್ನು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುವದೇ ಅದಕ್ಕೆ ಹಿತವು. ಕಾಳನ್ನು ಒಮ್ಮೆಲೇ ಬಹಳ ತಿಂದರೆ ಅದು ಹೊಟ್ಟೆಯಲ್ಲಿ ಹುಳಿತು ಉಬ್ಬಿ ಶೂಲೆಯು ಹುಟ್ಟುವದು. ಕುದುರೆಯು ಹೊಟ್ಟೆಯ ಕಡೆಗೆ ತಿರುತಿರುಗಿ ನೋಡುವದು, ಕಾಲಿನಿಂದ ನೆಲವನ್ನು ಕೆದರುವದು, ಬೆವರುವದು, ಬಿದ್ದು ಹೊರಳಾಡುವದು. ಕುದುರೆಗಳ ಅಕಾಲಮರಣದ ಮುಖ್ಯ ಕಾರಣಗಳಲ್ಲಿ ಈ ಶೂಲೆಯೂ ಒಂದು. ಈ ಲಕ್ಷಣಗಳು ಕಂಡ ಕೂಡಲೆ ತಿನಿಸನ್ನು ದೂರವಿಟ್ಟು ಪಶುವೈದ್ಯರನ್ನು ಕರೆಯಬೇಕು, ಬೆಳಗಾಗಲೆಂದು ಕಾಯಬಾರದು. ಶೂಲೆಯಿಂದ ಬದುಕಿ ಉಳಿದರೂ ಗೊರಸಿನೊಳಗೆ ಉರಿ ಎದ್ದು ಜನ್ಮವಿಡೀ ಕುಂಟಾದ ಕುದುರೆಗಳುಂಟು.

ಜೋಳದ ಸೀಮೆಯವರಾದ ನಾವು ಇನ್ನೊಂದು ಮಾತನ್ನು ತಿಳಿದಿರಬೇಕು. ಎಳೆಯ ಜೋಳದ ಪೈರಿನಲ್ಲಿಯೂ, ಮಳೆಯಿಲ್ಲದೆ ಕಮರಿದ ಪೈರಿನಲ್ಲಿಯೂ ವಿಷದ ಅಂಶವಿರುವದು. ದನಗಳು ಅದರಿಂದ ಸಾಯುವದನ್ನು ನಮ್ಮ ರೈತರು ಬಲ್ಲರು. ಕುದುರೆಗಳಾದರೋ ಹಸಿ ಜೋಳದ ಹೊಲದಲ್ಲಿ ದಿನಗಟ್ಟಲೆ ಮೇದರೆ ಮೂತ್ರಕೋಶವು ಕೆಟ್ಟು ಹಿಂಗಾಲುಗಳು ತತ್ತರಿಸುವ ರೋಗಕ್ಕೆ ಬೀಳುವವು. ಚೆನ್ನಾಗಿ ಬಲಿತು ಒಣಗಿದ ಕಣಿಕೆಯಲ್ಲಿ ಈ ಭಯವು ಬಹಳ ಕಡಿಮೆ.

ಎರಡನೆಯದು ನೀರು. ಕುದುರೆಗೆ ದಿನಕ್ಕೆ ೨೫ ರಿಂದ ೪೫ ಲೀಟರು ನೀರು ಬೇಕು. ಬೇಸಿಗೆಯಲ್ಲಿ ದುಡಿಯುವ ಕುದುರೆಗೆ ಇನ್ನೂ ಹೆಚ್ಚು. ನೀರು ಸಾಲದಿದ್ದರೆ ತಿಂದ ಒಣಮೇವು ಕರುಳಿನಲ್ಲಿ ಗಟ್ಟಿಯಾಗಿ ಮತ್ತೆ ಶೂಲೆಗೇ ಕಾರಣವಾಗುವದು.

ಮೂರನೆಯದು ಗೊರಸು. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವದರಿಂದ ಸುಮಾರು ಆರು ವಾರಗಳಿಗೊಮ್ಮೆ ಅದನ್ನು ಸವರಿ, ಲಾಳವನ್ನು ಹೊಸದಾಗಿ ಹೊಡೆಯಿಸಬೇಕು. ಮೊಳೆ ಚುಚ್ಚಿದ ಗಾಯದಿಂದ ಧನುರ್ವಾಯು ಬರಬಹುದು. ಈ ರೋಗಕ್ಕೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಬೇರೊಂದಿಲ್ಲ. ಆದರೆ ಲಸಿಕೆಯಿಂದ ಅದನ್ನು ತಡೆಯಬಹುದು.

ನಾಲ್ಕನೆಯದು ರೋಗ ಹಾಗೂ ಹುಳುಗಳು. ಹೊಟ್ಟೆಯ ಹುಳುಗಳಿಗೆ ವೈದ್ಯರು ಹೇಳಿದ ಕಾಲಕ್ಕೆ ಔಷಧ ಕೊಡಬೇಕು. ಕಚ್ಚುವ ದೊಡ್ಡ ನೊಣಗಳಿಂದ ಹರಡುವ 'ಸರ್ರಾ' ಎಂಬ ಜ್ವರವು ಕುದುರೆಯನ್ನು ಸೊರಗಿಸಿ ಕೊಲ್ಲುವದು. ಈ ರೋಗದ ಸೂಕ್ಷ್ಮಜೀವಿಯನ್ನು ಗ್ರಿಫಿತ್ ಎವನ್ಸ್ ಎಂಬ ಪಶುವೈದ್ಯನು ೧೮೮೦ ರಲ್ಲಿ ಪಂಜಾಬದಲ್ಲಿ ಕಂಡುಹಿಡಿದನು. ಲಾಯವನ್ನು ಚೊಕ್ಕಟವಾಗಿಟ್ಟು ನೊಣಗಳನ್ನು ದೂರವಿಡುವದು ಬರಿಯ ಅಂದಕ್ಕಾಗಿ ಅಲ್ಲವೆಂದು ಇದರಿಂದ ತಿಳಿಯುವದು.

ಐದನೆಯದು ದುಡಿಮೆಯ ರೀತಿಯು. ಕುದುರೆಯ ಎಲುಬುಗಳೆಲ್ಲ ಪೂರ್ಣವಾಗಿ ಬಲಿಯುವದಕ್ಕೆ ಐದಾರು ವರ್ಷಗಳು ಬೇಕು. ಎಳೆಯದರಲ್ಲಿಯೇ ಮಿತಿಮೀರಿ ಭಾರ ಹೇರಿದರೆ ಕೀಲುಗಳು ಕೆಡುವವು. ಕುಂಟಾದ ಕುದುರೆಯನ್ನು ಸಾಕುವರು ಕಡಿಮೆ. ಅದರ ಆಯುಷ್ಯವು ಕಾಲಿನಲ್ಲಿಯೇ ಮುಗಿದಂತಾಗುವದು.

ಕುದುರೆಯನ್ನು ಕೊಳ್ಳುವ ಹಣವಿದ್ದರೂ ಸಾಕುವ ತಿಳುವಳಿಕೆ ಇಲ್ಲದಿದ್ದರೆ ಏನಾಗುವದೆಂಬುದನ್ನು ಇತಿಹಾಸವು ತೋರಿಸುವದು. ೧೩ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತವನ್ನು ಕಂಡ ಮಾರ್ಕೊ ಪೋಲೋ ಎಂಬ ಪ್ರವಾಸಿಯು, ಪೂರ್ವ ಕರಾವಳಿಯ ಅರಸರು ವರ್ಷವರ್ಷವೂ ಅಪಾರ ಹಣ ಕೊಟ್ಟು ಪರದೇಶದ ಕುದುರೆಗಳನ್ನು ತರಿಸುತ್ತಿದ್ದರೆಂದೂ, ನೋಡಿಕೊಳ್ಳಬಲ್ಲವರಿಲ್ಲದೆ ಅವು ವರ್ಷದೊಳಗೇ ಬಹುಪಾಲು ಸಾಯುತ್ತಿದ್ದವೆಂದೂ ಬರೆದಿದ್ದಾನೆ. ಅವುಗಳಿಗೆ ಅನ್ನವನ್ನೂ ಮಾಂಸವನ್ನೂ ಬೇಯಿಸಿ ಹಾಕುತ್ತಿದ್ದರಂತೆ! ನಮ್ಮ ಇಲಕಲ್ಲಿನಿಂದ ದಕ್ಷಿಣಕ್ಕೆ, ತುಂಗಭದ್ರೆಯ ದಂಡೆಯಲ್ಲಿದ್ದ ವಿಜಯನಗರಕ್ಕೂ ಕುದುರೆಗಳು ಸಮುದ್ರದ ಮೇಲಿಂದಲೇ ಬರುತ್ತಿದ್ದವು. ಸಾಳುವ ನರಸಿಂಹನು ದಾರಿಯಲ್ಲಿ ಸತ್ತ ಕುದುರೆಗಳ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆಯನ್ನು ಕೊಡುತ್ತಿದ್ದನೆಂದು ೧೬ನೆಯ ಶತಮಾನದ ಪೋರ್ತುಗೀಜ ವ್ಯಾಪಾರಿ ನೂನಿಜನು ಬರೆದಿದ್ದಾನೆ. ಕುದುರೆಯನ್ನು ಉಳಿಸುವ ವಿದ್ಯೆಯ ಬೆಲೆ ಎಷ್ಟೆಂಬುದು ಆ ಬಾಲಗಳಿಂದ ತಿಳಿಯುವದು. ಆ ವಿದ್ಯೆಯು ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಸುಮಾರು ೧೪೦೦ ರಲ್ಲಿ ಅಭಿನವಚಂದ್ರನೆಂಬವನು ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿಯೇ ಗ್ರಂಥವನ್ನು ರಚಿಸಿದ್ದನು. ಆದರೆ ಗ್ರಂಥದಲ್ಲಿದ್ದ ವಿದ್ಯೆಯು ಲಾಯದಲ್ಲಿದ್ದವನ ಕೈಗೆ ಬಂದಾಗಲೇ ಕುದುರೆಯು ಬದುಕುವದು.

ಈಗ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳುವೆನು. ಬಾದಾಮಿಯ ರೇಲ್ವೆ ನಿಲ್ದಾಣವು ಊರಿನಿಂದ ಸುಮಾರು ೫ ಕಿಲೋಮೀಟರು ದೂರದಲ್ಲಿರುವದು. ಆಗ ನಿಲ್ದಾಣಕ್ಕೂ ಊರಿಗೂ ಟಾಂಗಾಗಳು ಓಡಾಡುತ್ತಿದ್ದವು. ೧೯೯೩ ರಲ್ಲಿ ನಾವು ಎಂಟು ಜನ ಹುಡುಗಿಯರು ಅಂಥ ಒಂದು ಟಾಂಗಾದಲ್ಲಿ ಶಾಲೆಗೆ ಹೋಗುತ್ತಿದ್ದೆವು. ಅದರ ಬಿಳಿಯ ಕುದುರೆಯು ಬರಬರುತ್ತ ಎಲುಬು ಕಾಣುವಷ್ಟು ಸೊರಗಿತು. ಟಾಂಗಾದ ಅಜ್ಜನು ತಾನು ಉಪವಾಸವಿದ್ದಾದರೂ ಅದಕ್ಕೆ ಹುಲ್ಲು, ಹುರಳಿ ಹಾಕುತ್ತಿದ್ದನು. ಆದರೆ ಅದು ಅರೆಬರೆ ಅಗಿದ ಹುಲ್ಲಿನ ಉಂಡೆಗಳನ್ನು ಬಾಯಿಯಿಂದ ಕೆಳಗೆ ಬೀಳಿಸುತ್ತಿತ್ತು. "ಮುದಿ ಆಗೇತಿ, ಸಂತಿಗೆ ಹೊಡಿ" ಎಂದು ಜನರು ಅವನಿಗೆ ಹೇಳುತ್ತಿದ್ದರು.

ಒಂದು ದಿನ ಪಶುವೈದ್ಯರೊಬ್ಬರು ನಿಲ್ದಾಣದಿಂದ ಅದೇ ಟಾಂಗಾದಲ್ಲಿ ಬಂದರು. ಇಳಿದ ಮೇಲೆ ಕುದುರೆಯ ತುಟಿಯನ್ನೆತ್ತಿ ನೋಡಿದರು. ಮೂಲೆಹಲ್ಲಿನ ಕಂದುಗೆರೆಯು ಅರ್ಧಕ್ಕೆ ಮಾತ್ರ ಇಳಿದಿತ್ತು. "ಇದಕ್ಕೆ ಹದಿನೈದು ವರ್ಷ; ಮುಪ್ಪಲ್ಲ, ಹಲ್ಲಿನ ಬೇನೆ" ಎಂದರು. ಕುದುರೆಯ ಹಲ್ಲುಗಳು ಒಸಡಿನಿಂದ ಜನ್ಮವಿಡೀ ಮೇಲೇರುತ್ತಿರುವವು; ಅಗಿಯುವಾಗ ಸರಿಯಾಗಿ ಸವೆಯದಿದ್ದರೆ ದವಡೆಹಲ್ಲುಗಳ ಅಂಚು ಚೂಪಾಗಿ ಗಲ್ಲವನ್ನೂ ನಾಲಿಗೆಯನ್ನೂ ಕೊಯ್ಯುವದು. ಮರುದಿನ ವೈದ್ಯರು ಆ ಅಂಚುಗಳನ್ನು ಅರದಿಂದ ಉಜ್ಜಿ ಸಮ ಮಾಡಿದರು. ಎರಡು ತಿಂಗಳಲ್ಲಿ ಕುದುರೆಗೆ ಮೈ ತುಂಬಿತು. ಮುಂದೆ ಆಟೋರಿಕ್ಷಾಗಳು ಬಂದು ಟಾಂಗಾಗಳ ಗಳಿಕೆಯು ನಿಂತುಹೋಯಿತು; ಆದರೂ ಅಜ್ಜನು ಅದನ್ನು ಮಾರಲಿಲ್ಲ. ೨೦೦೬ ರಲ್ಲಿ, ನಾನು ಶಿಕ್ಷಕಿಯಾದ ಮೇಲೆ, ಅದು ಅವನ ಹಿತ್ತಲಿನಲ್ಲಿ ಇಪ್ಪತ್ತೆಂಟನೆಯ ವರ್ಷದಲ್ಲಿ ಸತ್ತಿತು. ಅರ ಉಜ್ಜಿದ ಅರ್ಧ ಗಂಟೆಯು ಆ ಕುದುರೆಗೆ ಹದಿಮೂರು ವರ್ಷಗಳನ್ನು ಕೊಟ್ಟಿತು.

ಈ ಕಥೆಯಲ್ಲಿ ನನ್ನ ತಪ್ಪೂ ಒಂದುಂಟು. ೧೯೬೦ ರ ಪ್ರಾಣಿಹಿಂಸಾ ನಿವಾರಣ ಕಾಯದೆಯ ಅನ್ವಯ ೧೯೬೫ ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಪ್ರಾಣಿಯು ಎಳೆಯುವ ಗಾಡಿಯಲ್ಲಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕು ಜನರಿಗಿಂತ ಹೆಚ್ಚು ಕೂಡ್ರಬಾರದು. ದಿನಕ್ಕೆ ಒಟ್ಟು ಒಂಬತ್ತು ತಾಸುಗಳಿಗಿಂತಲೂ, ಎಡೆಬಿಡದೆ ಐದು ತಾಸುಗಳಿಗಿಂತಲೂ ಹೆಚ್ಚು ದುಡಿಸಬಾರದು. ಬಿಸಿಲು ೩೭ ಡಿಗ್ರಿಯನ್ನು ಮೀರುವ ಊರುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರ ವರೆಗೆ ದುಡಿಸಲೇಬಾರದು. ಬಾಗಲಕೋಟೆಯ ಬೇಸಿಗೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಎಂಟು ಜನ ಕುಳಿತು, ಏರಿನಲ್ಲಿ ಕುದುರೆಯು ನಿಂತರೆ ನಗುತ್ತಿದ್ದೆವು. ಇಳಿದು ನಡೆಯಬೇಕೆಂದು ಒಬ್ಬಳಿಗೂ ತೋಚಲಿಲ್ಲ. ತಿಳಿಸಿ ಹೇಳಿದವರೂ ಇರಲಿಲ್ಲ.

ಇನ್ನು ಹುನಗುಂದದ ಹುಡುಗಿಯ ಪ್ರಶ್ನೆಗೆ ಬರುವೆನು. ಆ ದಿನ ಸಂಜೆ ಅವಳು ನನ್ನ ಕೋಣೆಗೆ ಒಬ್ಬಳೇ ಬಂದಳು. ಅವರ ಕುದುರೆಯು ರಾಶಿಯ ಕಾಲದಲ್ಲಿ ಒಂದು ರಾತ್ರಿ ಕಣದೊಳಗಿನ ಜೋಳವನ್ನು ಹೊಟ್ಟೆ ಬಿರಿಯುವಷ್ಟು ತಿಂದು, ಬೆಳಗಾಗುವದರೊಳಗೆ ಹೊರಳಾಡಿ ಸತ್ತಿತ್ತು. ಅದರ ಹಗ್ಗವನ್ನು ಬಿಚ್ಚಿದವಳು ಅವಳೇ. "ಪಾಪ, ದಿನಾ ಒಣಾ ಕಣಿಕಿ ತಿಂತೈತಿ, ಒಂದ ದಿನರ ಹೊಟ್ಟಿತುಂಬ ತಿನ್ನಲಿ ಅಂತ ಬಿಟ್ಟೆ ರೀ" ಎಂದು ಅತ್ತಳು. ಮೂರು ವರ್ಷಗಳ ವರೆಗೆ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ.

"ಅದರ ಆಯುಷ್ಯವೇ ಅಷ್ಟಿತ್ತು" ಎಂದು ನಾನೂ ಹೇಳಿದ್ದರೆ ಅವಳು ಆ ರಾತ್ರಿ ಸಮಾಧಾನದಿಂದ ಮಲಗುತ್ತಿದ್ದಳು. ಆದರೆ ಹಲಗೆಯ ಮೇಲೆ ಒಂದು ಬರೆದು ಕೋಣೆಯಲ್ಲಿ ಇನ್ನೊಂದು ಹೇಳುವದು ಶಿಕ್ಷಕಿಗೆ ಸಲ್ಲದು. "ಇಲ್ಲ ಮಗಳೇ, ಅದರ ಆಯುಷ್ಯವು ತೀರಿರಲಿಲ್ಲ. ನೀನು ಪ್ರೀತಿಯಿಂದ ಮಾಡಿದಿ, ನಿನಗೆ ತಿಳಿದಿರಲಿಲ್ಲ. ತಿಳಿಸಬೇಕಾದ ನಾವು ದೊಡ್ಡವರು ತಿಳಿಸಿರಲಿಲ್ಲ. ಈಗ ತಿಳಿಯಿತಲ್ಲ, ಇದನ್ನು ನಿನ್ನಲ್ಲಿಯೇ ಇಟ್ಟುಕೊಳ್ಳಬೇಡ" ಎಂದೆನು. ಅವಳು ಕಣ್ಣೊರಸಿಕೊಂಡು, ತಮ್ಮ ಕಾಕಾನ ಮನೆಯಲ್ಲಿ ಇನ್ನೊಂದು ಕುದುರೆ ಇದೆಯೆಂದಳು. ಮುಂದಿನ ಸೋಮವಾರ ಬಂದವಳೇ, ರಾಶಿ ಮುಗಿಯುವ ವರೆಗೆ ಕಣದ ಸುತ್ತಲೂ ಮುಳ್ಳು ಬಡಿಯಿಸಿದುದಾಗಿಯೂ, ಕುದುರೆಯ ತುಟಿಯನ್ನೆತ್ತಿ ಕಂದುಗೆರೆಯನ್ನು ನೋಡಿದುದಾಗಿಯೂ ಹೇಳಿದಳು. ಗೆರೆಯು ಆಗ ತಾನೇ ಒಸಡಿನ ಕೆಳಗೆ ಮೂಡುತ್ತಿತ್ತಂತೆ.

ಹಾಗಾದರೆ ಅದಕ್ಕೆ ಹತ್ತು ವರ್ಷ. ಚೆನ್ನಾಗಿ ನೋಡಿಕೊಂಡರೆ ಇನ್ನೂ ಹದಿನೈದು, ಇಪ್ಪತ್ತು ವರ್ಷ ಅದು ಬಾಳಬಲ್ಲುದು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಹಿತ್ತಲಿನಲ್ಲಿರುವದು ಕುದುರೆಯಾಗಲಿ ಎತ್ತಾಗಲಿ, ಅದಕ್ಕೆ ಬೇಕಾದುದೇನೆಂದು ನಿಮ್ಮ ಮಕ್ಕಳಿಗೆ ತಿಳಿಸಿಕೊಡಿರಿ. ಪ್ರೀತಿಯು ಅವರಲ್ಲಿ ತಾನಾಗಿಯೇ ಇರುವದು. ತಿಳುವಳಿಕೆಯನ್ನು ಮಾತ್ರ ನಾವು ಕೊಡಬೇಕಾಗುವದು.