ಬೆಳೆ ಕಾಯೋ ಬಂದೂಕಿಗೆ ಸ್ಕೋಪ್ ಬೇಕಾ? ಕೊಳ್ಳೋ ಮೊದಲು ಇಷ್ಟು ತಿಳಿದಿರಲಿ

ಕೂಡಲಸಂಗಮದ ಸುತ್ತ, ಕೃಷ್ಣಾ-ಮಲಪ್ರಭಾ ಹಿನ್ನೀರಿನ ದಂಡೆಗೆ ಹೊಲ ಇದ್ದವರಿಗೆ ಕಾಡಹಂದಿ ಕಾಟ ಹೊಸದಲ್ಲ. ಹಗಲೆಲ್ಲ ಕಬ್ಬು, ಜಾಲಿಕಂಟಿಯೊಳಗೆ ಅಡಗಿರ್ತಾವೆ, ರಾತ್ರಿ ಗೋವಿನಜೋಳ, ಶೇಂಗಾಕ್ಕೆ ಇಳೀತಾವೆ. ತಿನ್ನೋದಕ್ಕಿಂತ ಕೆದರಿ, ಉರುಳಿಸಿ ಹಾಳು ಮಾಡೋದೇ ಜಾಸ್ತಿ. ಮನೆಯಲ್ಲಿ ಪರವಾನಗಿ ಬಂದೂಕು ಇರೋ ಹುಡುಗರು ಮೊಬೈಲಿನಲ್ಲಿ ವಿಡಿಯೊ ನೋಡಿ, "ಇದಕ್ಕೆ ಯಾವ ಸ್ಕೋಪ್ ಹಾಕ್ಸೋಣ್ರಿ?" ಅಂತ ಕೇಳ್ತಾರೆ. ಈ ವಾರ ಅದನ್ನೇ ನೋಡೋಣ.

ಮೊದಲು ಕಾನೂನು

ಬಂದೂಕಿನ ಪರವಾನಗಿ ಬರೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ. ಅದು ಬಂದೂಕು ಇಟ್ಟುಕೊಳ್ಳೋಕೆ ಅನುಮತಿ, ಹಂದಿ ಹೊಡೆಯೋಕೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. 2022ರ ತಿದ್ದುಪಡಿಯ ನಂತರ ಕಾಡಹಂದಿ 2ನೇ ಅನುಸೂಚಿಯಲ್ಲಿದೆ. ನಿಂತ ಬೆಳೆ ಹಾಳು ಮಾಡ್ತಿದ್ದರೂ 11ನೇ ಕಲಮಿನಡಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಅದಿಲ್ಲದೆ ಹೊಡೆದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಮ್ಮ ಜಿಲ್ಲೆಯಲ್ಲೇ ಯಡಹಳ್ಳಿ ಚಿಂಕಾರ ವನ್ಯಧಾಮ ಇದೆ. ಚಿಂಕಾರ, ಕೃಷ್ಣಮೃಗ ಎರಡೂ 1ನೇ ಅನುಸೂಚಿಯವು. ಅವುಗಳಿಗೆ ಗುಂಡು ತಗುಲಿದರೆ ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು. ಕತ್ತಲಲ್ಲಿ ಹೊಳೆಯೋ ಎರಡು ಕಣ್ಣು ಯಾವುದರದು ಅಂತ ಗೊತ್ತಾಗೋದು ಕಷ್ಟ ಅನ್ನೋದು ನೆನಪಿರಲಿ.

ಸ್ಕೋಪ್ ದೂರ ಹೆಚ್ಚಿಸೋದಿಲ್ಲ

ವಿಡಿಯೊದಲ್ಲಿ ಕಾಣೋದು ಬಹುತೇಕ ರೈಫಲ್. ಅದರ ನಳಿಗೆಯೊಳಗೆ ಸುರುಳಿ ಗೀರು ಇರ್ತಾವೆ, ಒಂದೇ ಗುಂಡು ನೂರಾರು ಮೀಟರ್ ನೇರ ಹೋಗುತ್ತೆ. ನಮ್ಮ ಕಡೆಯ ಒಂಟಿ ನಳಿಗೆ, ಜೋಡಿ ನಳಿಗೆ ಬಂದೂಕಿನ ಒಳಗೋಡೆ ನಯ. ಅದರಿಂದ ಚರೆ ಹೊರಬಿದ್ದು ಹರಡ್ತಾ ಹೋಗುತ್ತೆ. 12 ಬೋರ್ ಬಂದೂಕಿನ ಬಾಯಿ ಪೂರ್ತಿ ಬಿಗಿ, ಅಂದ್ರೆ ಫುಲ್ ಚೋಕ್ ಇದ್ದರೆ, 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಬೀಳೋದು ಸುಮಾರು 70% ಚರೆ. ಚೋಕ್ ಇಲ್ಲದಿದ್ದರೆ ಸುಮಾರು 40% ಮಾತ್ರ. ಉಳಿದದ್ದು ಎಲ್ಲಿ ಬೀಳುತ್ತೆ ಅನ್ನೋದು ನಿಮ್ಮ ಕೈಲಿಲ್ಲ. ಸ್ಕೋಪ್ ಹಾಕಿದರೂ ಈ ಲೆಕ್ಕ ಬದಲಾಗೋದಿಲ್ಲ. ಇಷ್ಟು ಹತ್ತಿರಕ್ಕೆ ನಳಿಗೆ ತುದಿಯ ಮಣಿಯೇ ಸಾಕು. ಮದ್ದು ತುಂಬಿ ಹೊಡೆಯೋ ಬಂದೂಕಿಗಂತೂ ಸ್ಕೋಪಿನ ಮಾತೇ ಬೇಡ.

ಆದರೂ ಬೇಕೇ ಅಂದ್ರೆ

ದೃಷ್ಟಿ ಮಂದ ಆಗಿ ಮಣಿ ಕಾಣದವರು, ಒಂಟಿ ಗುಂಡಿನ ಕಾಡತೂಸು ಬಳಸೋರು ಇವಿಷ್ಟು ನೋಡಿ:

1. ದೊಡ್ಡದಾಗಿ ತೋರಿಸೋ ಶಕ್ತಿ 1ರಿಂದ 4 ಪಟ್ಟು ಸಾಕು. ಅದಕ್ಕಿಂತ ಹೆಚ್ಚಾದರೆ ಕಾಣೋ ಜಾಗ ಕಿರಿದಾಗಿ, ಓಡೋ ಪ್ರಾಣಿ ಸಿಗೋದೇ ಇಲ್ಲ.
2. ಕಣ್ಣಿಗೂ ಗಾಜಿಗೂ ಕನಿಷ್ಠ 3.5 ಇಂಚು ಅಂತರ ಇಟ್ಟು ನೋಡುವಂತಿರಬೇಕು. ಕಡಿಮೆ ಇದ್ದರೆ ಬಂದೂಕು ಹಿಂದೆ ಒದ್ದಾಗ ಹುಬ್ಬು ಸೀಳುತ್ತೆ.
3. ಪ್ಯಾರಲಾಕ್ಸ್ 50 ಗಜಕ್ಕೆ ಹೊಂದಿಸಿದ್ದು ಇರಲಿ. ರೈಫಲ್ ಸ್ಕೋಪಿನದು ಸಾಮಾನ್ಯವಾಗಿ 100 ಗಜಕ್ಕೆ ಇರುತ್ತೆ.
4. 12 ಬೋರ್ ಒದೆತ ತಡೆಯೋದಾ ಕೇಳಿ. ಏರ್‌ಗನ್ನಿನ ಅಗ್ಗದ ಸ್ಕೋಪ್ ಕೆಲವೇ ಗುಂಡಿಗೆ ಗುರಿ ತಪ್ಪಬಹುದು.
5. ವೆಲ್ಡಿಂಗ್ ಅಂಗಡಿಯಲ್ಲಿ ನಳಿಗೆಗೆ ತೂತು ಹಾಕಿಸಬೇಡಿ. ಪರವಾನಗಿ ಕೊಟ್ಟ ಕಚೇರಿಯಲ್ಲಿ ಮೊದಲೇ ಕೇಳಿ, ಲೈಸೆನ್ಸ್ ಇರೋ ಬಂದೂಕಿನ ಅಂಗಡಿಯಲ್ಲೇ ಕೂಡಿಸಿ.

ನೋಡೋದು ಬೇರೆ, ಗುರಿ ಇಡೋದು ಬೇರೆ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡೋದಾದ್ರೆ ಇದನ್ನ ಇಟ್ಕೊಳ್ಳಿ. ಸ್ಕೋಪಿನಲ್ಲಿ "ಅಲ್ಲಿ ಯಾರಿದ್ದಾರೆ" ಅಂತ ನೋಡಿದಿರಿ ಅಂದ್ರೆ, ಅವರ ಕಡೆ ಬಂದೂಕು ತಿರುಗಿಸಿ ಆಯ್ತು.

ರಾತ್ರಿ ನಮ್ಮ ಹೊಲದಾಗ ಯಾರ್ಯಾರು ಇರ್ತಾರೆ ಎಣಿಸಿ. ಕೊಯ್ದ ಹೊಲದಲ್ಲಿ ಕುರಿ ತರುಬಿ, ಕರಿ ಕಂಬಳಿ ಹೊದ್ದು ಮಲಗಿದ ಕುರುಬರು. ರಾತ್ರಿ ಪಾಳಿಗೆ ಕರೆಂಟ್ ಬಂತು ಅಂತ ಬಗ್ಗಿ ನೀರು ತಿರುವೋ ಪಕ್ಕದ ಹೊಲದ ಅಣ್ಣ. ಗುಡಿಸಲು ಹಾಕಿದ ಕಬ್ಬು ಕಡಿಯೋ ಗ್ಯಾಂಗಿನವರು. ಸಂಕ್ರಾಂತಿ ಹೊತ್ತಿಗೆ ಸಂಗಮಕ್ಕೆ ಬರೋ ಭಕ್ತರು. ಕಂಬಳಿ ಹೊದ್ದ ಮನುಷ್ಯನೂ ಹಂದಿಯೂ ಕತ್ತಲಲ್ಲಿ ಒಂದೇ ಕರಿ ಗುಡ್ಡೆ. ಅಲುಗಾಡಿತು ಅಂತ ಗುಂಡು ಹಾರಿಸಿದರೆ ಹೋದ ಜೀವ ವಾಪಸ್ ಬರೋದಿಲ್ಲ.

ಅದಕ್ಕೇ ಆ ದುಡ್ಡಿಗೆ ಮೊದಲು ಒಂದು ಬೈನಾಕ್ಯುಲರ್ ತಗೊಳ್ಳಿ. ಮೇಲೆ 7x50 ಅಂತ ಬರೆದಿದ್ದರೆ 7 ಅನ್ನೋದು ಎಷ್ಟು ಪಟ್ಟು ದೊಡ್ಡದು ಅಂತ, 50 ಅನ್ನೋದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 50ನ್ನು 7ರಿಂದ ಭಾಗಿಸಿ, ಸುಮಾರು 7 ಬರುತ್ತೆ. ಕತ್ತಲಲ್ಲಿ ಎಳೆ ವಯಸ್ಸಿನವರ ಕಣ್ಣಿನ ಪಾಪೆ ಅಗಲ ಆಗೋದೂ ಹತ್ತಿರ ಹತ್ತಿರ 7 ಮಿ.ಮೀ. ಹಾಗಾಗಿ ಬೆಳದಿಂಗಳಿಗೆ ಇದು ಚಲೋ. 8x42ಕ್ಕೆ 5.25 ಬರುತ್ತೆ, ಹಗುರ, ನಸುಕಿಗೂ ಮುಸ್ಸಂಜೆಗೂ ಸಾಕು. ಜೇಬಿನಲ್ಲಿ ಹಿಡಿಯೋ 10x25ಕ್ಕೆ ಬರೋದು ಬರೇ 2.5, ರಾತ್ರಿಗೆ ಉಪಯೋಗ ಇಲ್ಲ. ಜೊತೆಗೆ ಒಳ್ಳೆ ಬ್ಯಾಟರಿ ಇರಲಿ. ನೋಡೋ ಹೊತ್ತಿನಲ್ಲಿ ಬಂದೂಕು ಖಾಲಿ ಇರಲಿ, ಕೈಯಲ್ಲಿ ಬೇಡ. ನೋಡಿ, ಕೂಗಿ, ಡಬ್ಬಿ ಬಡಿದು ಓಡಿಸೋಕೆ ಯಾರ ಆದೇಶವೂ ಬೇಕಿಲ್ಲ.

ಹಾನಿ ಆದರೆ

ಬೆಳಗಾದ ಕೂಡಲೇ ಹೊಲ ಸರಿಮಾಡಬೇಡಿ. ಹೆಜ್ಜೆ ಗುರುತು, ಉರುಳಿದ ಬೆಳೆ, ಹೊಲದ ಗುರುತು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೀರಿ, ದಿನಾಂಕ-ಜಾಗ ಬರುವಂತೆ ಇರಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ. ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ದಾಖಲಾಗಲಿ. ಹಂದಿ ಹೊಡೆಯೋ ಆದೇಶ ಕೇಳೋದಾದ್ರೂ ಅಲ್ಲೇ, ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ತಗೊಳ್ಳಿ.

ದುಡ್ಡು ಖರ್ಚು ಮಾಡೋ ಸರದಿ ಹೀಗಿರಲಿ: ಮೊದಲು ಬ್ಯಾಟರಿ, ಆಮೇಲೆ ಬೈನಾಕ್ಯುಲರ್, ಆಮೇಲೆ ಬದುವಿಗೆ ಬೇಲಿ. ಸ್ಕೋಪಿನ ಪಾಳಿ ಕಟ್ಟಕಡೆಗೆ. ಬೇಲಿ ಆದ ಮೇಲೆ ಅದು ಬೇಕೇ ಅನಿಸದೇ ಹೋಗಬಹುದು.